ಮನೆಯೊಳಗಿನ ಹೂಳು

ಹೊಸಪೇಟೆಯ ಮನೆಗಳಲ್ಲಿ ಈಗ ಜಾಗದ ಬರ. ಸೈಟಿನದಲ್ಲ, ಡಿಸ್ಕಿನದು. 'ನಾಕು ಟಿಬಿ ಸಾಲವಲ್ದು ರೀ' ಎಂದು ಗೋಳಾಡುತ್ತಾರೆ. ಏನು ತುಂಬಿದ್ದೀರಿ ಎಂದು ಕೇಳಿ ನೋಡಿ. ಮುಖ ಮುಖ ನೋಡುತ್ತಾರೆ.

ಇದು ಶುರುವಾದದ್ದು 2021ರ ಜೂನ್ 1ಕ್ಕೆ. ಅಂದು ಗೂಗಲ್ ಫೋಟೋಸ್ ಬಿಟ್ಟಿ ಸಮಾರಾಧನೆ ನಿಲ್ಲಿಸಿ, 15 ಜಿಬಿ ದಾಟಿದರೆ ದುಡ್ಡು ಬಿಚ್ಚಿ ಎಂದಿತು. ಅಲ್ಲಿಯತನಕ ತೆಪ್ಪಗಿದ್ದವರಿಗೆ ಏಕಾಏಕಿ ಖಾಸಗಿತನ ನೆನಪಾಯಿತು. ನಮ್ಮ ಮನೆ ಹೆಣ್ಣುಮಕ್ಕಳ ಫೋಟೊ ಕಂಡವರ ಸರ್ವರ್‌ನಲ್ಲಿ ಯಾಕೆ? ಸರಿ, ನ್ಯಾಸ್ ಪೆಟ್ಟಿಗೆ ಬಂತು. ಮನೆಮಂದಿಯ ಫೋನೆಲ್ಲ ವೈಫೈಯಲ್ಲಿ ಬಂದು ಸುರಿಯುವ, ಎರಡು ಡಿಸ್ಕಿನ ಪೆಟ್ಟಿಗೆ. ಟಿವಿ ಕೆಳಗೆ ಪ್ರತಿಷ್ಠಾಪನೆಯೂ ಆಯಿತು.

ತುಂಬದೆ ಇರುತ್ತದೆಯೇ? ಹಂಪಿಯ ಕಲ್ಲಿನ ರಥದ ಮುಂದೆ ಒಂದೇ ಭಂಗಿಯ ನಲವತ್ತು ಫೋಟೊ. ಅರ್ಧದಲ್ಲಿ ಕಣ್ಣು ಮುಚ್ಚಿದೆ. ಅವೂ ಇವೆ. ಮಗಳ ಮದುವೆಯ ವಿಡಿಯೊ ಮೂರು ಫೋಲ್ಡರ್‌ನಲ್ಲಿದೆ: 'ಮದುವೆ', 'ಮದುವೆ ಹೊಸದು', 'ಮದುವೆ ಫೈನಲ್'. ಮೂರೂ ಒಂದೇ. ಪಂಕ್ತಿಯಲ್ಲಿ ಸಾರಿನ ಬಕೆಟ್ ಹೋದದ್ದು ಫೋರ್‌ಕೆ ಗುಣಮಟ್ಟದಲ್ಲಿದೆ. ಮದುವೆಯಾದವರೇ ನೋಡಿಲ್ಲ.

ಇದೇ ಜನ ಡ್ಯಾಮಿನ ಮಾತು ಬಂದರೆ ಸಿಂಹಗಳು. 1953ರಲ್ಲಿ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರೆಗೆ ಈಗ ಲೆಕ್ಕದಲ್ಲಿ 105.788. ಉಳಿದದ್ದು ಹೂಳು. ಹೂಳು ತೆಗೆಯುವ ಯೋಗ್ಯತೆಯಿಲ್ಲದವರು ನವಲಿಯಲ್ಲಿ ಇನ್ನೊಂದು ಜಲಾಶಯದ ಮಾತಾಡುತ್ತಾರೆ ಎಂದು ಸರ್ಕಾರವನ್ನು ಬೈಯುತ್ತಾರೆ. ಬೈದು ಮನೆಗೆ ಬಂದು 8 ಟಿಬಿ ಡಿಸ್ಕಿಗೆ ಆರ್ಡರ್ ಹಾಕುತ್ತಾರೆ. ನವಲಿಯಾದರೂ ರೈತನಿಗೆ ನೀರು ಕೊಟ್ಟೀತು.

ಅಂಗಡಿಯವನೂ ಭಲೇ ಇದ್ದಾನೆ. 'ದೊಡ್ಡದೇ ಹಾಕಿಸ್ರಿ ಸರ' ಎನ್ನುತ್ತಾನೆ. ಜೋಡಿ ಡಿಸ್ಕಿನಲ್ಲಿ ಒಂದರ ಪಡಿಯಚ್ಚು ಇನ್ನೊಂದು. ಒಂದನ್ನೇ ಬದಲಿಸಿದರೆ ಸಣ್ಣದರ ಅಳತೆಯೇ ಗತಿ ಎನ್ನುವುದನ್ನು ಹಣ ಎಣಿಸಿಕೊಂಡ ಮೇಲೆ ಹೇಳುತ್ತಾನೆ. ಇನ್ನೊಂದೂ ತನ್ನಿ. 8 ಎಂದು ಕೊಂಡದ್ದು ಕಂಪ್ಯೂಟರಿನಲ್ಲಿ 7.27 ಎಂದು ಕಾಣುತ್ತದೆ. ಅದೂ ನಿಮ್ಮ ಹಣೆಬರಹ. ಕಂಪನಿಗಳೇನು ಕಡಿಮೆಯೇ? ನ್ಯಾಸ್‌ಗೆಂದೇ ಮಾರಿದ 'ರೆಡ್' ಹೆಸರಿನ ಕೆಲವು ಡಿಸ್ಕ್‌ಗಳಲ್ಲಿ, ಒಂದೇ ಸಮನೆ ಬರೆಯುವಾಗ ಏದುಸಿರು ಬಿಡುವ ಎಸ್‌ಎಂಆರ್ ತಂತ್ರವಿದೆ ಎಂದು ವೆಸ್ಟರ್ನ್ ಡಿಜಿಟಲ್ ಒಪ್ಪಿಕೊಂಡದ್ದು 2020ರಲ್ಲಿ, ಗ್ರಾಹಕರು ಹಿಡಿದು ಕೇಳಿದ ಮೇಲೆ.

ಹಳೆಯದೊಂದನ್ನು ಎಳೆದು ಹೊಸದನ್ನು ತುರುಕಿದ್ದಾಯಿತು. ಗಂಟೆಗಟ್ಟಲೆ ನಕಲು. ಶೇಕಡಾ 61. ಕರೆಂಟ್ ಹೋಯಿತು. ಯುಪಿಎಸ್? 'ಅದು ದಂಡ ರೀ.' ಡಿಸ್ಕಿಗೆ ಸಾವಿರಾರು ಸುರಿದವರಿಗೆ ಇಲ್ಲಿ ಮಾತ್ರ ಮಿತವ್ಯಯ.

ಕಿತ್ತ ಹಳೆಯ ಡಿಸ್ಕ್ ಎಲ್ಲಿ? ಸೆಕೆಂಡ್ ಹ್ಯಾಂಡ್‌ನಲ್ಲಿ ಮಾರಾಟವಾಗಿದೆ. ಅಳಿಸಿ ಕೊಟ್ಟಿರಾ? ಇಲ್ಲ. ಗೂಗಲ್ ನೋಡಬಾರದ ಫೋಟೊಗಳನ್ನು ಈಗ ಹೆಸರು ಗೊತ್ತಿಲ್ಲದ ಯಾರೋ ನೋಡುತ್ತಿದ್ದಾರೆ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾದಾಗ ಊರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಬದಲಿ ವ್ಯವಸ್ಥೆ ಯಾಕಿರಲಿಲ್ಲ? ನ್ಯಾಯವಾದ ಪ್ರಶ್ನೆ. ನಿಮ್ಮ ಮನೆಯಲ್ಲಿದೆಯೇ? 'ಎರಡು ಡಿಸ್ಕ್ ಅದಾವಲ್ರಿ!' ಅವೆರಡೂ ಒಂದೇ ಪೆಟ್ಟಿಗೆಯಲ್ಲಿವೆ ಸ್ವಾಮಿ, ಒಂದೇ ಪ್ಲಗ್ಗಿನಲ್ಲಿ. ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಯುತ್ತದೆ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ವೈರಸ್ ಇಂಟರ್‌ನೆಟ್ಟಿಗೆ ಬಾಗಿಲು ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಪೆಟ್ಟಿಗೆಗಳಿಗೆ ನುಗ್ಗಿ ಕಡತಗಳಿಗೆ ಬೀಗ ಜಡಿಯಿತು. ಡಿಸ್ಕ್ ಜೋಡಿಯಾಗಿದ್ದರೆ ಬೀಗವೂ ಜೋಡಿ. ಪಡಿಯಚ್ಚು ಬ್ಯಾಕಪ್ ಅಲ್ಲ. ಎಷ್ಟು ಸಲ ಹೇಳಬೇಕು?

ದೊಡ್ಡ ಡಿಸ್ಕ್ ಹಾಕಿಸಲೇಬೇಕೆಂದರೆ ಹಾಕಿಸಿ, ನಿಮ್ಮ ದುಡ್ಡು. ಮೊದಲು ಆ ಮೂರು ಮದುವೆಗಳಲ್ಲಿ ಎರಡನ್ನು ಅಳಿಸಿ. ಕಿತ್ತ ಡಿಸ್ಕನ್ನು ಮಾರಬೇಡಿ. ಬೇಕಾದ ಫೋಟೊ ತುಂಬಿ, ಪಾಸ್‌ವರ್ಡ್ ಹಾಕಿ, ಕಂಪ್ಲಿಯ ಅಕ್ಕನ ಮನೆಯ ಬೀರುವಿನಲ್ಲಿಡಿ. ಹಬ್ಬಕ್ಕೆ ಹೋದಾಗ ಹೊಸದನ್ನೂ ಸೇರಿಸಿ ಬನ್ನಿ. ಬಸ್ ಚಾರ್ಜ್ ಬಿಟ್ಟರೆ ಬೇರೆ ಖರ್ಚಿಲ್ಲ.