ಮಾಳಿಗೆ ಮ್ಯಾಲಿನ ಸೆಮಿನಾರ್ ಹಾಲು

ಹುಬ್ಬಳ್ಳಿಯ ದೊಡ್ಡ ಹೋಟೆಲೊಂದರಲ್ಲಿ ಸೃಜನಶೀಲ ಚಿಂತನೆಯ ಕಾರ್ಯಾಗಾರ. ನಮ್ಮ ಸಾಲಿಯಿಂದ ನನ್ನನ್ನು ಕಳಿಸಿದ್ದರು. ಚಿಂತನೆ ಏನಾಯಿತೋ ಮರೆತೆ. ಆ ಖೋಲಿ ಮಾತ್ರ ತಲೆಯಿಂದ ಇಳಿಯಲಿಲ್ಲ. ಹಸಿರು ಬಟ್ಟೆ ಹೊದ್ದ ಟೇಬಲ್ಲು, ಕುದುರೆ ಲಾಳದಂತೆ ಜೋಡಿಸಿದ ಕುರ್ಚಿ, ಒಬ್ಬೊಬ್ಬರ ಮುಂದೆ ಗೇಣುದ್ದದ ನೀರಿನ ಬಾಟ್ಲಿ, ಬಟ್ಟಲ ತುಂಬ ಪೆಪ್ಪರಮಿಂಟು. ಬಾಡಿಗೆ ಖೋಲಿಗಲ್ಲ, ತಲೆಗಿಷ್ಟು ಅಂತೆ: ಎರಡು ಸಲ ಚಹಾ, ಒಂದು ಊಟ, ಪ್ರೊಜೆಕ್ಟರು, ಗದಗದ ನಡುಗುವಷ್ಟು ಎಸಿ.

ಬಸ್ಸಿನಲ್ಲಿ ಮರಳುವಾಗಲೇ ಲೆಕ್ಕ ಹಾಕಿದೆ. ನಮ್ಮೂರು ಕೊಣ್ಣೂರು ಇರುವುದು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲೆ. ಆ ಕಡೆಯವರೂ ಈ ಕಡೆಯವರೂ ನಡುವೆ ಸೇರಿ ಚಿಂತಿಸಲು ನಮ್ಮ ಮಾಳಿಗೆ ಮೇಲಿನ ಖೋಲಿಗಿಂತ ಒಳ್ಳೆಯ ಜಾಗ ಯಾವುದು?

“ಅಲ್ಲಿ ಉಳ್ಳಾಗಡ್ಡಿ ಅದಾವಲ್ರಿ,” ಎಂದಳು ನಮ್ಮ ಮನೆಯಾಕೆ.

ಉಳ್ಳಾಗಡ್ಡಿಯಷ್ಟೇ ಅಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಊರೊಳಗೆ ಹೊಕ್ಕಾಗ ಮೇಲೇರಿಸಿದ ಸಾಮಾನು ಇನ್ನೂ ಕೆಳಗಿಳಿದಿಲ್ಲ. ಆದರೂ ನಾನು ಸೋಲದೆ ಧಾರವಾಡದ ಉದಾಹರಣೆ ಕೊಟ್ಟೆ. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಗೆ ಇರುವುದೂ ಒಂದು ಅಟ್ಟವೇ. ಜಿ.ಬಿ. ಜೋಶಿ, ಕುರ್ತಕೋಟಿ, ಗಿರೀಶ ಕಾರ್ನಾಡ ಕೂತು ಮಾತಾಡಿದ್ದು ಅಲ್ಲೇ. ಅವರಿಗೆ ಯಾವ ಎಸಿ ಇತ್ತು?

“ಅವರ ಅಟ್ಟದಾಗ ಕಾರ್ನಾಡರಿದ್ರು. ನಮ್ಮ ಅಟ್ಟದಾಗ ಯಾರದಾರ್ರಿ, ನೀವಾ?”

ಸಾಹಿತ್ಯದಿಂದ ಇತಿಹಾಸಕ್ಕೆ ಜಿಗಿದೆ. ನಮ್ಮೂರ ಶಾಸನ ಹೇಳುವಂತೆ 860ರಲ್ಲಿ ಅಮೋಘವರ್ಷ, ತನ್ನ ಬಂಟ ಬಂಕೆಯನ ಬಿನ್ನಹ ಕೇಳಿ, ಇಲ್ಲಿಯ ಜಿನಾಲಯಕ್ಕೆ ಒಂದು ಹಳ್ಳಿಯನ್ನೇ ದತ್ತಿ ಬಿಟ್ಟ. ದೊಡ್ಡ ಕೆಲಸಕ್ಕೆ ರೊಕ್ಕ ಹುಟ್ಟಿಸುವುದು ಈ ಮಣ್ಣಿನ ಗುಣ ಎಂದೆ.

“ಹಂಗಾರ ಕುರ್ಚಿ ರೊಕ್ಕ ಅಮೋಘವರ್ಷನ ಕಡೆನ ಇಸ್ಕೋರಿ.”

ಇಸಿದುಕೊಂಡದ್ದು ಶಾಮಿಯಾನದವನಿಂದ, ಉದ್ರಿ. ಟೇಬಲ್ಲಿಗೆ ಹಸಿರು ಬಟ್ಟೆ ಸಿಗದೆ ಅವ್ವನ ಹಳೆಯ ಇಳಕಲ್ಲ ಸೀರೆ ಹೊದಿಸಿದೆ. ಕೆಂಪು ಸೆರಗು ಸರಿಯಾಗಿ ಅಧ್ಯಕ್ಷರ ಕುರ್ಚಿಯ ಮುಂದೆ ಬಂತು. “ತಮ್ಮಾ, ನಾ ಇನ್ನೂ ಜೀವಂತ ಅದೀನಿ,” ಎಂದಳು ಅವ್ವ. ಪೆಪ್ಪರಮಿಂಟಿನ ಬಟ್ಟಲಿಗೆ ಮೊದಲ ಪ್ರತಿನಿಧಿಗಳಾಗಿ ಇರುವೆಗಳು ಬಂದವು. ಸಾಲುಗಟ್ಟಿ ಬರುವುದರಲ್ಲಿ ಅವು ಹುಬ್ಬಳ್ಳಿಯಲ್ಲಿ ಊಟದ ಹೊತ್ತಿಗೆ ನಮ್ಮಲ್ಲಿ ಕಂಡ ಶಿಸ್ತಿಗಿಂತ ಎಷ್ಟೋ ಮೇಲು.

ಬಾಗಿಲಿಗೆ ಬೋರ್ಡು: ‘ಸಭೆ, ಕಾರ್ಯಾಗಾರ, ಗುಂಪು ಚಟುವಟಿಕೆಗೆ ಹಾಲ್ ಬಾಡಿಗೆಗಿದೆ. ಚಹಾ, ಊಟ ಸಹಿತ.’ ಲಾರಿ ಡ್ರೈವರೊಬ್ಬ ಕೊನೆಯ ಸಾಲಷ್ಟೇ ಓದಿ ಒಳಗೆ ಬಂದು, ಕೈ ತೊಳೆದುಕೊಂಡು ಕೂತೇಬಿಟ್ಟ. ಮನೆ ಬಾಗಿಲಿಗೆ ಬಂದವನನ್ನು ಅವ್ವ ಹಾಗೇ ಕಳಿಸುತ್ತಾಳೆಯೇ? ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಮೇಲೆ ಮಜ್ಜಿಗೆ. “ರುಚಿ ಅದ ಬೇ, ಖಾನಾವಳಿ ಹಿಂಗಿರ್ಬೇಕು,” ಎಂದು ಹೊಗಳಿ ಹೋದ. ರೊಕ್ಕ ಕೊಡಹೋದವನಿಗೆ ಅವ್ವ ಬೈದಳು.

ಕಡೆಗೂ ಒಂದು ಬುಕಿಂಗ್ ಬಂತು: ಮನೆಯಾಕೆಯ ಸ್ವಸಹಾಯ ಸಂಘದ ವಾರದ ಸಭೆ. ಕುರ್ಚಿ ಬದಿಗೆ ಸರಿಸಿ ಎಲ್ಲರೂ ಜಮಖಾನೆಯ ಮೇಲೆ ಕೂತರು. ನಾನು ವೈಟ್‌ಬೋರ್ಡಿನ ಮೇಲೆ ‘ನಮ್ಮ ಕನಸುಗಳು’ ಎಂದು ಬರೆದು ಬಣ್ಣದ ಚೀಟಿ ಹಂಚಲು ನಿಂತಿದ್ದೆ. “ಅಣ್ಣಾರ, ಚಾ ಆದ್ರ ತರ್ರಿ,” ಎಂದರು ಅಧ್ಯಕ್ಷೆ. ನಾನು ಮೆಟ್ಟಿಲಿಳಿದು ಚಹಾ ಕುದಿಸಿ ಮೇಲೆ ಬರುವಷ್ಟರಲ್ಲಿ ಉಳಿತಾಯ ಕೂಡಿಸಿ, ಎಮ್ಮೆಗೊಂದು, ಹೊಲಿಗೆ ಮಷಿನ್ನಿಗೊಂದು ಸಾಲ ಮಂಜೂರು ಮಾಡಿ, ಕಂತು ತಪ್ಪಿಸಿದವರನ್ನು ವಿಚಾರಿಸಿ, ಠರಾವು ಪುಸ್ತಕಕ್ಕೆ ಸಹಿಯೂ ಬಿದ್ದಿತ್ತು. ಹುಬ್ಬಳ್ಳಿಯಲ್ಲಿ ಅಷ್ಟು ಹೊತ್ತು ನಮಗೆ ಪರಸ್ಪರ ಪರಿಚಯಕ್ಕೇ ಸಾಲದಾಗಿತ್ತು. ಕೊನೆಯ ಠರಾವು ನನಗೆ ಸಂಬಂಧಿಸಿದ್ದು: ತಡವಾಗಿ ಬಂದವರಿಗೆ ಹತ್ತು ರೂಪಾಯಿ ದಂಡ, ಚಹಾಕ್ಕೂ ಅದೇ ಕಾನೂನು.

ಶಾಮಿಯಾನದವನು ದಿನಾ ಬಾಗಿಲಿಗೆ ಬರತೊಡಗಿದ. ಸಂಘದಲ್ಲಿ ಸಾಲ ಕೇಳಿದರೆ, ಗಂಡಸರಿಗೆ ಕೊಡುವುದಿಲ್ಲವಂತೆ. ಮನೆಯಾಕೆ ತನ್ನ ಹೆಸರಿನಲ್ಲಿ ಎತ್ತಿ ಕೊಟ್ಟಿದ್ದಾಳೆ. ಆಕೆ ಸಂಘಕ್ಕೆ ಕಟ್ಟುವ ಬಡ್ಡಿ ನೂರಕ್ಕೆ ಒಂದು ರೂಪಾಯಿ. ನನಗೆ ಹಾಕಿರುವುದು ಎರಡು.