ಪಠ್ಯವಿಲ್ಲದ ಪರೀಕ್ಷೆ: ಮುಂಬಯಿಯ ಕನ್ನಡ ಸಂಸಾರ

ಜರ್ಮನಿಯಲ್ಲಿ ನೆಲೆಸಲು ಹೋದವರಿಗೆ ಅಲ್ಲಿನ ಸರ್ಕಾರ 2005ರಿಂದ ಕೋರ್ಸು ನಡೆಸುತ್ತಿದೆ. ಸಾಮಾನ್ಯವಾಗಿ 600 ಗಂಟೆ ಭಾಷೆ, 100 ಗಂಟೆ ಕಾನೂನು, ಇತಿಹಾಸ, ರೀತಿನೀತಿ. ಕೊನೆಗೆ 33 ಪ್ರಶ್ನೆಗಳ ಪರೀಕ್ಷೆ. ಪೌರತ್ವ ಬೇಕಾದವರಿಗೆ 17 ಉತ್ತರ ಸರಿಯಿರಬೇಕು. ಮುಂಬಯಿಗೆ ಬಂದ ಕನ್ನಡಿಗರಿಗೆ ಈ ಸೌಲಭ್ಯವಿಲ್ಲ. ಇಲ್ಲಿ ಪಾಠವಿಲ್ಲ, ನೇರ ಪರೀಕ್ಷೆ.

ಮೊದಲ ಪರೀಕ್ಷಾ ಕೇಂದ್ರ ಲೋಕಲ್ ರೈಲು. ಮೂವರ ಬೆಂಚಿನಲ್ಲಿ ನಾಲ್ಕನೆಯವನಾಗಿ ಕೂರುವುದು ಪ್ರವೇಶ ಪರೀಕ್ಷೆ. ಅರ್ಧ ಮೈ ಬೆಂಚಿನ ಮೇಲೆ, ಇನ್ನರ್ಧ ದೇವರ ಮೇಲೆ. ಸಂಜೆಯ ವಿರಾರ್ ಫಾಸ್ಟ್‌ನಲ್ಲಿ ನಡುವಿನ ಬೊರಿವಲಿಯಲ್ಲಿ ಇಳಿಯಬೇಕೆಂದು ಹತ್ತಿದವನು ಅನುತ್ತೀರ್ಣ; ಗುಂಪು ಇಳಿಯಲು ಬಿಡುವುದಿಲ್ಲ. ಅವನ ಮರುಪರೀಕ್ಷೆ ವಿರಾರ್‌ನಲ್ಲಿ.

ಎರಡನೆಯ ಕೇಂದ್ರ ಹೋಟೆಲು. ದಕ್ಷಿಣ ಕನ್ನಡ, ಉಡುಪಿಯ ಕಡೆಯಿಂದ ಬಂದ ಹುಡುಗರು ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡ ಓದಿ, ಹೋಟೆಲಿನ ಮೇಜಿನ ಮೇಲೆಯೇ ಮಲಗಿ ಎದ್ದರು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾ ಸ್ಟೇಷನ್ನಿನ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದು ಬಾಳೆಎಲೆಯಲ್ಲಿ ಊಟ ಬಡಿಸಿದರು. ಮುಂದೆ ಉಡುಪಿ ಹೋಟೆಲುಗಳು ನಗರಕ್ಕೆ ಎಷ್ಟು ಹೊಂದಿಕೊಂಡವೆಂದರೆ, ಇಡ್ಲಿಯ ಪಕ್ಕ ಪಾವ್‌ಭಾಜಿ, ಅದರ ಪಕ್ಕ ಚೈನೀಸ್, ಜೈನ ಗಿರಾಕಿಗಳಿಗೆ ಈರುಳ್ಳಿ–ಬೆಳ್ಳುಳ್ಳಿ ಇಲ್ಲದ ಪಾವ್‌ಭಾಜಿ ಎಲ್ಲವೂ ಒಂದೇ ಮೆನುವಿನಲ್ಲಿ ಕುಳಿತವು. ನಾಲ್ಕನೇ ಸೀಟಿನ ತತ್ವ ಅಲ್ಲಿಯೂ ಅನ್ವಯ.

ಮೂರನೆಯ ಕೇಂದ್ರ ಮನೆ. ಅಲ್ಲಿನ ಭಾಷಾ ವ್ಯವಸ್ಥೆ ಹೀಗಿದೆ. ಅಮ್ಮ ಮೀನಿನವಳ ಜೊತೆ ಮರಾಠಿಯಲ್ಲಿ ಜಗಳವಾಡುತ್ತಾಳೆ, ಮಗನನ್ನು ತುಳುವಿನಲ್ಲಿ ಕರೆಯುತ್ತಾಳೆ. ಮಗ ಹಿಂದಿಯಲ್ಲಿ ಓಗೊಡುತ್ತಾನೆ. ಅಪ್ಪ ಅವನ ಅಂಕಪಟ್ಟಿ ನೋಡಿ ಇಂಗ್ಲಿಷಿನಲ್ಲಿ ಸಿಟ್ಟಾಗುತ್ತಾನೆ. ಕನ್ನಡ ಒಗೆದು ಇಸ್ತ್ರಿ ಮಾಡಿಟ್ಟ ಪಂಚೆಯಂತೆ ಸಂಘದ ಕಾರ್ಯಕ್ರಮಕ್ಕೆ ಮಾತ್ರ ಹೊರಬರುತ್ತದೆ.

ಸಂಘಗಳಿಗೇನೂ ಕೊರತೆಯಿಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮಾಟುಂಗಾದ ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ ಹುಟ್ಟಿದವು. ಗೋರೆಗಾಂವ್, ಡೊಂಬಿವಲಿಗಳಿಗೂ ತಮ್ಮದೇ ಕರ್ನಾಟಕ ಸಂಘಗಳಿವೆ. ಸಂಘವೆಂದ ಮೇಲೆ ಅಧ್ಯಕ್ಷರಿರಬೇಕು. ಅಧ್ಯಕ್ಷರಾಗದವರಿಗೆ ಗೌರವಾಧ್ಯಕ್ಷ, ಉಪಾಧ್ಯಕ್ಷ, ಸಲಹೆಗಾರರ ಹುದ್ದೆಗಳು ಇದ್ದೇ ಇವೆ. ವೇದಿಕೆಯ ಮೇಲೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ವೇದಿಕೆಯ ಮೇಲಿರುವವರ ಸಂಖ್ಯೆ ಸಭಿಕರಿಗಿಂತ ಹೆಚ್ಚಾದರೆ ಅದನ್ನು ಸಾಂಸ್ಕೃತಿಕ ಶ್ರೀಮಂತಿಕೆ ಎಂದು ತಿಳಿಯಬೇಕು. ಧನ್ಯವಾದ ಸಮರ್ಪಣೆಯ ಹೊತ್ತಿಗೆ ಸಭೆಯ ಅರ್ಧ ಭಾಗ ಊಟದ ಸಾಲಿನಲ್ಲಿರುತ್ತದೆ, ಉಳಿದರ್ಧ ಕೊನೆಯ ಲೋಕಲ್ ಹಿಡಿಯಲು ಓಡುತ್ತಿರುತ್ತದೆ.

ವಸತಿಯಲ್ಲಿ ಕೌಶಲ ಬೇರೆಯೇ ಬಗೆಯದು. ಒಂದು ಕೋಣೆ, ಒಂದು ಅಡುಗೆಮನೆಯ ಮನೆಯಲ್ಲಿ, ಊರಿಂದ ಮದುವೆಗೆ ಬಂದವರನ್ನೆಲ್ಲ ಮಲಗಿಸುವುದು ಹಿರಿಯ ಗೃಹಿಣಿಯ ರೇಖಾಗಣಿತ. ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರೂ ಬದಲಿಸಬೇಕು. ಮೇ ತಿಂಗಳಲ್ಲಿ ಲೆಕ್ಕ ತಿರುವುಮುರುವಾಗುತ್ತದೆ: ಸಂಸಾರವಿಡೀ ಊರಿಗೆ ಹೊರಡುತ್ತದೆ. ಕೊಂಕಣ ರೈಲು 1998ರಲ್ಲಿ ಪೂರ್ತಿ ತೆರೆದ ಮೇಲೆ ಪ್ರಯಾಣ ಸುಲಭವಾಯಿತು, ರಿಸರ್ವೇಶನ್ ಕಷ್ಟವಾಯಿತು. ಮುಂಬಯಿಯಲ್ಲಿ 'ಮದ್ರಾಸಿ' ಎನಿಸಿಕೊಂಡವರು ಊರಲ್ಲಿ ಇಳಿದೊಡನೆ 'ಬೊಂಬಾಯಿಯವರು' ಆಗುತ್ತಾರೆ. ಬೇಸಿಗೆಯೆಲ್ಲ ಊರಿನ ಸೆಖೆಯನ್ನು ದೂರುತ್ತಾರೆ. ಮರಳುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಪ್ಪಳ, ಉಪ್ಪಿನಕಾಯಿಯ ಚೀಲಗಳಿಗೆ ಬರ್ತುಗಳನ್ನು ಬಿಟ್ಟುಕೊಟ್ಟು ತಾವು ಕಾಲು ಮಡಿಸಿ ಕೂರುತ್ತಾರೆ.

ಮೂರನೇ ತಲೆಮಾರಿನ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಸಂಘದ ಯಕ್ಷಗಾನ ತರಬೇತಿಯಲ್ಲಿ ಅರ್ಥಗಾರಿಕೆಯನ್ನು ದೇವನಾಗರಿಯಲ್ಲಿ ಬರೆದುಕೊಂಡು ಕಂಠಪಾಠ ಮಾಡುವ ಭೀಮಸೇನರೂ ಇದ್ದಾರೆ. ಕೌರವರ ಮೇಲಿನ ಕೋಪ ಅಸಲಿ, ಉಚ್ಚಾರ ಮಾತ್ರ ಸ್ವಲ್ಪ ಅಂಧೇರಿಯದು. ಇನ್ನು ಮನೆಗೆ ಮರಾಠಿ ಸೊಸೆ ಬಂದರೆ ಪರೀಕ್ಷಕರೇ ಬದಲಾಗುತ್ತಾರೆ. ಅತ್ತೆ ಅವಳಿಗೆ ಕೋಳಿ ಸುಕ್ಕ ಕಲಿಸುತ್ತಾಳೆ, ಅವಳು ಅತ್ತೆಗೆ ಪುರಣ್‌ಪೋಳಿ ಕಲಿಸುತ್ತಾಳೆ. ಯಾರ ಕೈಯಡುಗೆ ಹೆಚ್ಚು ರುಚಿ ಎಂಬ ಪ್ರಶ್ನೆಗೆ ಮಾತ್ರ ಮನೆಯ ಗಂಡಸರಾರೂ ಯಾವ ಭಾಷೆಯಲ್ಲಿಯೂ ಉತ್ತರ ಕೊಡುವುದಿಲ್ಲ.