ಥರ್ಮಾಕೋಲ್ ಮೀಮಾಂಸೆ

ವಿಜ್ಞಾನ ವಸ್ತುಪ್ರದರ್ಶನದ ಹಿಂದಿನ ರಾತ್ರಿ ಹಾಸನದಲ್ಲಾಗಲಿ ಅರಕಲಗೂಡಿನಲ್ಲಾಗಲಿ ಸ್ಟೇಷನರಿ ಅಂಗಡಿಯ ಮುಂದೆ ನಿಂತಿರುವವರು ಅಪ್ಪಂದಿರು. ಮಕ್ಕಳು ಆಗಲೇ ಮಲಗಿರುತ್ತವೆ. ಆದ್ದರಿಂದ ಸೃಜನಶೀಲತೆಯು ಗೃಹಸ್ಥಾಶ್ರಮದ ಧರ್ಮ ಎಂಬುದು ಈ ಶಾಸ್ತ್ರದ ಮೊದಲ ಸೂತ್ರ.

ವೇದಾಂತಭಾಷ್ಯಗಳ ಪ್ರಕಟಣೆಗೆ ಹೆಸರಾದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಹೊಳೆನರಸೀಪುರದಲ್ಲೇ ಇರುವಾಗ, ಈ ಸೀಮೆಯಲ್ಲಿ ಸೂತ್ರವನ್ನು ಭಾಷ್ಯವಿಲ್ಲದೆ ಬಿಡುವುದು ಮರ್ಯಾದೆಯಲ್ಲ.

ಭಾಷ್ಯವೆಂದರೆ ಜ್ವಾಲಾಮುಖಿ. ಥರ್ಮಾಕೋಲ್ ಹಾಳೆಯ ಮೇಲೆ ಹಳೇ ಪೇಪರ್ ನೆನೆಸಿ ಮೆತ್ತಿದ ಗುಡ್ಡ, ಒಳಗೊಂದು ಸೀಸೆ. ಅಡುಗೆ ಸೋಡಾಕ್ಕೆ ವಿನೆಗರ್ ಬಿದ್ದೊಡನೆ ಇಂಗಾಲದ ಡೈಆಕ್ಸೈಡ್ ಬುಸುಗುಟ್ಟಿ ನೊರೆ ಉಕ್ಕುತ್ತದೆ. ಕೆಂಪು ಬಣ್ಣ ಬೆರೆತಿದ್ದರೆ ಅದೇ ಲಾವಾ. ತೀರ್ಪುಗಾರರ ಬಿಳಿ ಪ್ಯಾಂಟಿನ ತನಕ ಹರಿದರೆ ಪ್ರಥಮ ಬಹುಮಾನ ಕಷ್ಟ. ಹಾಸನ ಜಿಲ್ಲೆಯಲ್ಲಿ ಜ್ವಾಲಾಮುಖಿಯಿಲ್ಲ. ಇರುವುದು ಆಲೂಗಡ್ಡೆ, ಅದಕ್ಕೆ ಬಡಿಯುವ ಅಂಗಮಾರಿ. ಆದರೆ ಅಂಗಮಾರಿಯ ರೆಡಿಮೇಡ್ ಕಿಟ್ ಅಂಗಡಿಗೆ ಇನ್ನೂ ಬಂದಿಲ್ಲ.

ಸರ್ಕಾರವೇನೂ ಕೈಕಟ್ಟಿ ಕೂತಿಲ್ಲ. ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ ಮಾದರಿ ಕಟ್ಟಲು 10,000 ರೂಪಾಯಿ. ಅಟಲ್ ಟಿಂಕರಿಂಗ್ ಲ್ಯಾಬ್ ಸಿಕ್ಕ ಶಾಲೆಗೆ 20 ಲಕ್ಷದವರೆಗೆ ಅನುದಾನ, ತ್ರೀಡಿ ಪ್ರಿಂಟರ್ ಸಹಿತ. ಪ್ರಿಂಟರಿಗೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕುವುದೇಕೆಂದು ಪೂರ್ವಪಕ್ಷಿ ಕೇಳಬಹುದು. ಸಿದ್ಧಾಂತಿಯ ಉತ್ತರ: ಸ್ಟಾಕ್ ಪುಸ್ತಕದಲ್ಲಿ ಏರಿದ ವಸ್ತು ಆಡಿಟ್ ಆಗುವ ತನಕ ಹೊಸದಾಗಿಯೇ ಇರಬೇಕು. ನಾವೀನ್ಯವೆಂದರೆ ಅದೇ ತಾನೆ?

ಶಾಸ್ತ್ರಕ್ಕೆ ತೊಡಕಾಗಿರುವುದು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿಯಲ್ಲಿ ದಕ್ಷಿಣದ ಕೆಲಸ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಒಂದೇ ಗುಡಿ, ಒಂದೇ ಹೋಂವರ್ಕು. ಆದರೂ ಒಬ್ಬನ ಕೈ ಇನ್ನೊಬ್ಬನ ಹಾಗಿಲ್ಲ. ಮಾದರಿ ಉತ್ತರ ಹಿಡಿದು ಕೂತ ಇಂದಿನ ಮೌಲ್ಯಮಾಪಕರು ಇಬ್ಬರಲ್ಲಿ ಒಬ್ಬನನ್ನಾದರೂ ಫೇಲು ಮಾಡಬೇಕಾಗುತ್ತಿತ್ತು. ಪ್ರವಾಸ ಬಂದ ಮಕ್ಕಳು ಇಸವಿ ಬರೆದುಕೊಂಡು, ಗದ್ದಲ ಮಾಡದೆ, ಸಾಲಾಗಿ ಬಸ್ಸು ಹತ್ತುತ್ತವೆ.

ಗೊರೂರಿನ ಕ್ಯಾಪ್ಟನ್ ಗೋಪಿನಾಥರದು ಇನ್ನೂ ಬಿಗಿಯಾದ ಗಂಟು. ತಂದೆ ಸ್ವತಃ ಮೇಷ್ಟ್ರು. ಮಗನಿಗೆ ಮನೆಯಲ್ಲೇ ಕಲಿಸಿ, ಐದನೇ ತರಗತಿಗೆ ಕನ್ನಡ ಶಾಲೆಗೆ ಸೇರಿಸಿದರು. ಆ ಹುಡುಗನೇ ಮುಂದೆ 2003ರಲ್ಲಿ ಏರ್ ಡೆಕ್ಕನ್ ಹಾರಿಸಿ, ಒಂದು ರೂಪಾಯಿಗೂ ಟಿಕೆಟ್ ಮಾರಿದ್ದು. ನಾಲ್ಕು ವರ್ಷ ಶಾಲೆ ತಪ್ಪಿಸಿದವರಿಗೆಲ್ಲ ವಿಮಾನ ದಕ್ಕುವುದಾದರೆ ಜಿಲ್ಲೆಗೆ ಹತ್ತಾರು ನಿಲ್ದಾಣ ಬೇಕಾಗುತ್ತಿತ್ತು. ಬೂವನಹಳ್ಳಿಯ ಒಂದಕ್ಕೇ ವರ್ಷಗಟ್ಟಲೆ ಕಾದ ಜನ ಇವರು.

ಇನ್ನು ಉಳಿದದ್ದು ಹವಾಯಿ ಚಪ್ಪಲಿಯ ಗಾಡಿ. ಅಟ್ಟೆಯನ್ನು ದುಂಡಗೆ ಕತ್ತರಿಸಿದರೆ ಗಾಲಿ, ಪೊರಕೆಕಡ್ಡಿ ತೂರಿಸಿದರೆ ಅಚ್ಚು. ತಿರುವಿನಲ್ಲಿ ಪಲ್ಟಿಯಾಗುತ್ತದೆಂದು ಹುಡುಗ ಹೊಟ್ಟೆಯಡಿಗೆ ಒಂದು ಚಪ್ಪಟೆ ಕಲ್ಲು ಕಟ್ಟಿದ್ದಾನೆ, ಈಗ ನಿಲ್ಲುತ್ತದೆ. ಚಾರ್ಟಿಲ್ಲ, ಮಾರ್ಗದರ್ಶಿ ಶಿಕ್ಷಕರ ಹೆಸರಿಲ್ಲ, ಆದ್ದರಿಂದ ಪ್ರಸ್ತುತ ಶಾಸ್ತ್ರದ ವ್ಯಾಪ್ತಿಗೆ ಇದು ಬರುವುದಿಲ್ಲ. ಚಪ್ಪಲಿಯ ಇನ್ನೊಂದು ಕಾಲು ಮಾತ್ರ ಬಾಗಿಲಲ್ಲಿ ಬಿದ್ದಿದೆ; ಮನೆಯಲ್ಲಿ ವಿಚಾರಣೆ ನಡೆಯುತ್ತಿದೆ.